ಚಾಪೆಯ ಹೊರಗಿದ್ದ ಪಾದಗಳು

ಫಾಗಮಾಲು, ಸವಾಯಿ ದ್ವೀಪ
೨೯ ಅಕ್ಟೋಬರ್ ೧೯೮೪

ಪ್ರೀತಿಯ ಪೆನಿಯಮೀನ ಅಣ್ಣಾ,

ನಿನ್ನ ತಂತಿ ತಲುಪಿತು. ‘ದೇವರ ಚಿತ್ತಕ್ಕೆ ತಲೆಬಾಗು’ ಎಂದು ಬರೆದಿದ್ದೀಯ. ಪೀಠ ಹತ್ತಿದರೆ ಎರಡು ಗಂಟೆ ಇಳಿಯದವನು ನನ್ನ ಮಗಳ ವಿಷಯವನ್ನು ಮೂರು ಮಾತಿನಲ್ಲಿ ಮುಗಿಸಿದೆ. ಬೈಯುತ್ತಿಲ್ಲ. ಆಸ್ಟ್ರೇಲಿಯಾದಿಂದ ಇನ್ನೇನು ಕಳಿಸಲು ಸಾಧ್ಯ?

ನಡೆದದ್ದನ್ನು ಯಾರೂ ನಿನಗೆ ಸರಿಯಾಗಿ ಹೇಳಿರಲಾರರು. ಮಕ್ಕಳ ಹಬ್ಬವಾದ ಬಿಳಿ ಭಾನುವಾರಕ್ಕೆ ಹತ್ತು ದಿನ ಇತ್ತು. ಚರ್ಚಿನಲ್ಲಿ ಹೇಳಬೇಕಾದ ತನ್ನ ವಚನವನ್ನು ರೂತಾ ಕೋಳಿಗಳಿಗೆಲ್ಲ ಬಾಯಿಪಾಠ ಮಾಡಿಸುತ್ತಿದ್ದಳು. ಗುರುವಾರ ಸಂಜೆ ಪ್ರಾರ್ಥನೆಯ ಹೊತ್ತಿನಲ್ಲಿ ಪಕ್ಕದ ತುಫುಲಾಗಿ ಊರಿನ ಆಪೇಲು ಎಂಬ ಹುಡುಗ ಪಿಕಪ್ ಗಾಡಿಯನ್ನು ನಮ್ಮೂರಿನೊಳಗೆ ನುಗ್ಗಿಸಿಕೊಂಡು ಬಂದ. ಆ ಹೊತ್ತಿನಲ್ಲಿ ನಮ್ಮೂರ ರಸ್ತೆಯಲ್ಲಿ ನಾಯಿ ಕೂಡ ನಡೆಯುವುದಿಲ್ಲ, ನಿನಗೆ ಗೊತ್ತು. ರೂತಾ ರಸ್ತೆಯಲ್ಲಿದ್ದಳು. ಒಂದೇ ಸದ್ದು. ಅವಳಪ್ಪ ಫಿಲೆಮು ಎದ್ದು ಓಡಿದ. ಒಂಬತ್ತು ವರ್ಷದ ಮಗಳನ್ನು ಎರಡು ತಿಂಗಳ ಕೂಸಿನಂತೆ ಎತ್ತಿಕೊಂಡು ಬಂದ.

ಮರುದಿನ ಬೆಳಕು ಹರಿಯುವ ಮೊದಲೇ ತುಫುಲಾಗಿಯವರು ಪದ್ಧತಿಯಂತೆ ಕ್ಷಮೆ ಬೇಡಲು ಬಂದು ಅಂಗಳದಲ್ಲಿ ತಲೆಬಾಗಿ ಕೂತರು. ನಮ್ಮ ಯಜಮಾನರಾದ ಭಾವನ ದೊಡ್ಡ ಮನೆಗೆ ಮುಖ, ಪಕ್ಕದ ನಮ್ಮ ಮನೆಗೆ ಬೆನ್ನು. ಎಲ್ಲರಿಗಿಂತ ಮುಂದೆ ಒಬ್ಬ, ತಲೆಯ ಮೇಲಿಂದ ನವಿರು ಚಾಪೆ ಹೊದ್ದು ಹಣೆಯನ್ನು ನೆಲಕ್ಕೆ ಹಚ್ಚಿದ್ದ. ನಾನು ರೂತಾಳ ತಲೆಯ ಹತ್ತಿರ ಕೂತು ತಡಿಕೆಯ ಸಂದಿನಿಂದ ನೋಡುತ್ತಿದ್ದೆ. ಬಿಸಿಲು ಏರತೊಡಗಿತು. ನಮ್ಮೂರ ಹುಡುಗರ ಕೈಯಲ್ಲಿ ಕಲ್ಲುಗಳಿದ್ದವು. ಫಿಲೆಮು ಒಳಗೆ ಬಂದು ನನ್ನ ಪಕ್ಕ ಕುಕ್ಕರಿಸಿದ.

“ಆ ಹುಡುಗನೇ ಬಂದು ಕೂತಿದಾನೆ ಕಣೇ. ತಾಯಿ ಒಪ್ಪಿದ್ರೆ ಏಳಿಸ್ತೀನಿ ಅಂತಿದಾನೆ ಅಣ್ಣ. ಏನಂತೀಯ?”

“ಅವನೇನಾ?”

“ಅವನೇ.”

ನಾನು ತಲೆಯಾಡಿಸಿದೆ. ಭಾವ ಇಳಿದು ಹೋಗಿ ಚಾಪೆ ಎತ್ತಿ ಕ್ಷಮಿಸಿದರು. ಅಷ್ಟರಲ್ಲಿ ಹೆಂಗಸರು ಅಳುತ್ತ ನಡುವೆ ಬಂದುಬಿಟ್ಟರು. ಮುಖ ಕಾಣಲಿಲ್ಲ.

ಆದರೆ ಅಣ್ಣಾ, ಅದಕ್ಕೂ ಮೊದಲು ಒಂದು ಗಂಟೆ ಕಾಲ ಚಾಪೆಯಿಂದ ಹೊರಗೆ ಚಾಚಿದ್ದ ಆ ಅಂಗಾಲುಗಳನ್ನು ನಾನು ನೋಡಿದ್ದೇನೆ. ಒಣಗಿದ ಕೆಸರಿನ ಹಾಗೆ ಬಿರಿದಿದ್ದವು. ಎಡಗಾಲಿನಲ್ಲಿ ಕಿರುಬೆರಳು ಇರಲಿಲ್ಲ. ಆಪೇಲುವಿಗೆ ಇಪ್ಪತ್ತೆರಡು ವರ್ಷವಂತೆ. ಇಪ್ಪತ್ತೆರಡರ ಹುಡುಗನಿಗೆ ಅಂಥ ಪಾದ ಎಲ್ಲಿಂದ ಬರಬೇಕು?

ಕೇಳಿದರೆ ಫಿಲೆಮು ಮಾತು ಬದಲಿಸುತ್ತಾನೆ. ಭಾವ ಕೆಮ್ಮುತ್ತಾರೆ. ಅತ್ತೆಯಂತೂ, “ಸತ್ತೋಳು ಸತ್ಲು, ನೀನು ಕಾಲು ಎಣಿಸ್ತಾ ಕೂತ್ಕೋ” ಎಂದರು. ಅವರು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುವವಳು. ಬಿಡುವುದಿಲ್ಲ.

ನಾನು ಕ್ಷಮಿಸಿದ್ದು ಯಾರನ್ನು ಎಂದು ನನಗೆ ಗೊತ್ತಾಗಬೇಕು. ಗೊತ್ತಾಗುವ ತನಕ ನನಗೆ ಪ್ರಾರ್ಥನೆ ಬರುತ್ತಿಲ್ಲ. ಶಂಖ ಊದಿದಾಗ ಎಲ್ಲರ ಜೊತೆ ಕೂರುತ್ತೇನೆ, ಬಾಯಿ ಅಲುಗಿಸುತ್ತೇನೆ, ಅಷ್ಟೇ.

ನಿನ್ನ ತಂಗಿ
ಸಿನೀವಾ


ಲೋಗನ್, ಆಸ್ಟ್ರೇಲಿಯಾ
೨೦ ನವೆಂಬರ್ ೧೯೮೪

ಪ್ರೀತಿಯ ತಂಗಿ ಸಿನೀವಾ,

ತಂತಿಗೆ ಕ್ಷಮಿಸು. ಅಂಚೆ ಕಚೇರಿಯ ಗೂಡಿನ ಮುಂದೆ ನಿಂತಾಗ ನನಗೆ ನಮ್ಮ ಭಾಷೆಯೇ ಮರೆತುಹೋಗಿತ್ತು. ಸಾಲಿನಲ್ಲಿ ಹಿಂದೆ ನಿಂತಿದ್ದ ಬಿಳಿಯ ಹೆಂಗಸು ನನ್ನ ಭುಜ ತಟ್ಟಿದಳು. ಬೇಗ ಮುಗಿಸು ಎನ್ನುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ನೋಡಿದರೆ ಅವಳು ಕರವಸ್ತ್ರ ಕೊಡುತ್ತಿದ್ದಳು.

ರೂತಾಳನ್ನು ನಾನು ಕೊನೆಗೆ ನೋಡಿದ್ದು ಅವಳಿಗೆ ಆರು ವರ್ಷವಾಗಿದ್ದಾಗ. “ಮಾವ, ದೇವರು ಪ್ರಾರ್ಥನೆ ಟೈಮಲ್ಲಿ ಎಲ್ಲಿ ಕೂರ್ತಾನೆ? ನಮ್ಮನೇಲಾ, ಪಾದ್ರಿ ಮನೇಲಾ?” ಎಂದು ಕೇಳಿದ್ದಳು. ಎರಡೂ ಕಡೆ ಅಂದೆ. “ಸುಳ್ಳು. ಹಾಗಾದ್ರೆ ಮೀನು ಎಲ್ಲಿ ತಿಂತಾನೆ?” ಅಂದಳು. ಸೋದರಮಾವನಾಗಿ ಅವಳಿಗೆ ನಾನು ಕೊಟ್ಟ ಉತ್ತರಗಳೆಲ್ಲ ಆ ಮಟ್ಟದವೇ.

ಈಗ ನಿನ್ನ ಅನುಮಾನದ ಮಾತು. ಪದ್ಧತಿ ನಿನಗೆ ಗೊತ್ತಿಲ್ಲದ್ದೇ? ಚಾಪೆಯ ಕೆಳಗೆ ತಪ್ಪು ಮಾಡಿದವನೇ ಕೂರಬೇಕೆಂಬ ನಿಯಮ ಎಲ್ಲಿದೆ? ಮನೆತನದ ಪರವಾಗಿ ಒಬ್ಬ ಕೂರುತ್ತಾನೆ. ಮನೆತನವೇ ಕೂತ ಹಾಗೆ. ಅದು ಯಾರ ಪಾದವಾದರೂ ಆಗಿರಲಿ, ಅವನ ಹಣೆ ನಿಮ್ಮ ಅಂಗಳದ ಮಣ್ಣಿನಲ್ಲಿತ್ತು. ನೀವು ಏಳಿಸಿದಿರಿ. ಅಲ್ಲಿಗೆ ಮುಗಿಯಿತು. ಅಗೆದು ನೋಡಬೇಡ. ದುಃಖಕ್ಕೆ ಕೈ ಸುಮ್ಮನಿರಲಾಗದೆ ಏನನ್ನಾದರೂ ಕೆದಕುತ್ತದೆ. ಇಲ್ಲಿಯ ನನ್ನ ಸಭೆಯಲ್ಲೂ ಎಷ್ಟೋ ಜನರಲ್ಲಿ ಅದನ್ನು ನೋಡಿದ್ದೇನೆ.

ಒಂದು ಸಂಗತಿ ಮಾತ್ರ ನಿನ್ನ ಕಾಗದದಿಂದ ಗೊತ್ತಾಗಲಿಲ್ಲ. ಶಂಖ ಊದಿ ಆಗಿತ್ತು, ಎಲ್ಲರೂ ಪ್ರಾರ್ಥನೆಗೆ ಕೂತಿದ್ದಿರಿ. ಮಗು ರಸ್ತೆಯಲ್ಲಿ ಏಕಿತ್ತು?

ನಮ್ಮ ಸಭೆ ಇನ್ನೂ ಶಾಲೆಯ ಬಾಡಿಗೆ ಕೋಣೆಯಲ್ಲೇ ನಡೆಯುತ್ತಿದೆ. ಪ್ರತಿ ಭಾನುವಾರ ಕುರ್ಚಿ ಹಾಕು, ಕುರ್ಚಿ ತೆಗೆ. ನಿನಗಾಗಿ ಎಲ್ಲರೂ ಪ್ರಾರ್ಥಿಸುತ್ತಿದ್ದಾರೆ.

ಅಣ್ಣನ ಕಣ್ಣ ಪಾಪೆ ತಂಗಿ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕಣ್ಣು ಉರಿಯುತ್ತಿದೆ.

ನಿನ್ನ ಅಣ್ಣ
ಪೆನಿಯಮೀನ


ಫಾಗಮಾಲು
೧೬ ಡಿಸೆಂಬರ್ ೧೯೮೪

ಅಣ್ಣಾ,

ಸಿಕ್ಕಿದರು.

ಎರಡು ತಿಂಗಳಿಂದ ನಾನು ಯಾರ ಮುಖವನ್ನೂ ನೋಡಿಲ್ಲ, ಎಲ್ಲರ ಪಾದ ನೋಡುತ್ತಿದ್ದೇನೆ. ಚರ್ಚಿನ ಬಾಗಿಲಲ್ಲಿ, ಬಸ್ಸಿನಲ್ಲಿ, ಮದುವೆಯ ಮನೆಯಲ್ಲಿ. ಊರವರು ನನಗೆ ತಲೆ ಕೆಟ್ಟಿದೆ ಅನ್ನುತ್ತಾರಂತೆ. ನನ್ನ ನಾದಿನಿ ನನ್ನೆದುರು ಕೂರುವಾಗ ಕಾಲನ್ನು ಬಟ್ಟೆಯೊಳಗೆ ಮುಚ್ಚಿಕೊಳ್ಳುತ್ತಾಳೆ. ಅವಳ ಮೇಲೂ ಅನುಮಾನ ಬಂತು, ಏನು ಹೇಳಲಿ! ಮನೆಗೆ ದೀವಿ ಹಲಸು ತಂದುಕೊಡುವವರೆಲ್ಲ ಏನನ್ನೋ ಮುಚ್ಚಲು ತರುತ್ತಿದ್ದಾರೆ ಎನಿಸುತ್ತದೆ. ನಮ್ಮೂರ ಪಾದ್ರಿ ನನ್ನ ಕೈ ಹಿಡಿದು, ನೀನು ದೊಡ್ಡ ಮನಸ್ಸಿನ ತಾಯಿ ಎಂದು ಹೊಗಳಿದರು. ಹೊಗಳುವಾಗ ಅವರ ಕಣ್ಣು ಬಾಗಿಲ ಕಡೆಗಿತ್ತು.

ಅವರು ಹೊದ್ದು ಬಂದ ಚಾಪೆ ನಮ್ಮ ಪಾಲಿಗೇ ಬಂದಿದೆ. ಕೆಂಪು ಗರಿಯ ಅಂಚಿನ ಹಳೆಯ ಚಾಪೆ, ರೇಷ್ಮೆಯಷ್ಟು ಮೆದು. ಒಂದು ದಿನ ಬಿಡಿಸಿ ಮೂಸಿದೆ. ಕಡ್ಡಿಪುಡಿ ಹೊಗೆಸೊಪ್ಪಿನ ವಾಸನೆ, ಮುದುಕರ ವಾಸನೆ. ಆಗಲೇ ಮನಸ್ಸಿಗೆ ಖಚಿತವಾಯಿತು.

ಕಳೆದ ಶನಿವಾರ ಹಡಗುಕಟ್ಟೆಯ ಸಂತೆಗೆ ಹೋಗಿದ್ದೆ. ಕೆಸುವಿನ ಗಡ್ಡೆಯ ರಾಶಿಯ ಹಿಂದೆ ಒಬ್ಬ ಮುದುಕರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಎಡಗಾಲಿನಲ್ಲಿ ಕಿರುಬೆರಳಿಲ್ಲ. ನನ್ನ ನೋಟ ಎಲ್ಲಿದೆ ಎಂದು ಕಂಡು ಕಾಲನ್ನು ಮೆಲ್ಲಗೆ ಒಳಗೆ ಎಳೆದುಕೊಂಡರು.

“ಎಳ್ಕೋಬೇಡಿ ತಾತ. ನೋಡಾಯ್ತು.”

“ಫಾಗಮಾಲುವಿನೋಳಾ?”

“ರೂತಾಳ ತಾಯಿ.”

ಅವರ ಕೈಯಲ್ಲಿದ್ದ ಗಡ್ಡೆ ಅಲ್ಲೇ ನಿಂತಿತು. “ನಾನು ಸೋಲೊಮೋನ. ಆಪೇಲುವಿನ ಅಜ್ಜ. ಕೂತೋನು ನಾನೇ ತಾಯಿ. ನಿನ್ನ ಭಾವಂಗೂ ಗೊತ್ತು, ಗಂಡಂಗೂ ಗೊತ್ತು. ನಿಂಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ.”

“ತಪ್ಪು ಮಾಡಿದೋನು ಎಲ್ಲಿದ್ದ?”

“ಕಾಡಲ್ಲಿ. ಬಾಳೆತೋಟದ ಮೇಲ್ಗಡೆ. ಮೂರು ದಿನ ಸಿಗ್ಲಿಲ್ಲ. ಅವನು ಸಿಗೋ ತನಕ ಕಾಯೋಕಾಗತ್ತಾ? ಮಗು ಮಣ್ಣಿಗೆ ಹೋಗೋದ್ರೊಳಗೆ ಬರ್ಬೇಕಿತ್ತು.”

“ನೀವು ಕೂತ್ರೆ ಅವನ ತಪ್ಪು ಹೋಗತ್ತಾ?”

“ಹೋಗತ್ತೆ ಅಂತ ಕೂರ್ಲಿಲ್ಲ. ನಿಮ್ಮ ಹುಡುಗ್ರ ಕಲ್ಲು ಬೀಳೋದಾದ್ರೆ ನನ್ನ ಮೇಲೆ ಬೀಳ್ಲಿ ಅಂತ ಕೂತೆ. ನನ್ನ ಮೈಯಲ್ಲಿ ಇನ್ನೇನಿದೆ ಹಾಳಾಗೋಕೆ?”

ಕೊನೆಗೆ ನಾಲ್ಕು ದೊಡ್ಡ ಗಡ್ಡೆಗಳನ್ನು ನನ್ನ ಬುಟ್ಟಿಗೆ ಹಾಕಿದರು. ಮನೆಯಲ್ಲಿ ಅತ್ತೆ ಬೇಯಿಸಿ ತಿಂದು, “ಒಳ್ಳೇ ಗಡ್ಡೆ ಕಣೇ, ಬೆಣ್ಣೆ ಇದ್ದಂಗಿದೆ, ಯಾರದು?” ಎಂದು ಕೇಳಿದರು. ನನಗೆ ಒಂದು ತುತ್ತೂ ಇಳಿಯಲಿಲ್ಲ.

ನೀನು ಪಾದ್ರಿ. ನಿನ್ನನ್ನೇ ಕೇಳುತ್ತೇನೆ. ತಪ್ಪಿಲ್ಲದ ಒಬ್ಬ, ತಪ್ಪು ಮಾಡಿದ ಎಲ್ಲರ ಬದಲಿಗೆ ಏಟು ತಿಂದ ಎಂದು ನಲವತ್ತು ವರ್ಷದಿಂದ ಪ್ರತಿ ಭಾನುವಾರ ಕೇಳುತ್ತ ಬಂದೆ. ಎಷ್ಟು ಚೆಂದ ಎಂದು ಅಳುತ್ತಿದ್ದೆ. ಈಗ ಅದೇ ನನ್ನ ಅಂಗಳದಲ್ಲಿ ನಡೆದಿದೆ, ನನಗೆ ಹಿಡಿಸಲಿಲ್ಲ. ಮೋಸ ಎನಿಸಿತು. ಕಳ್ಳ ಕಾಡಿನಲ್ಲಿ, ಮುದುಕ ಬಿಸಿಲಿನಲ್ಲಿ. ಇದನ್ನು ದೇವರು ಹೇಗೆ ಒಪ್ಪಿದ? ಅವನಿಗೂ ಯಾರಾದರೂ ಫಿಲೆಮುವಿನ ಹಾಗೆ ಸುಳ್ಳು ಹೇಳಿ ಒಪ್ಪಿಸಿದರೇ? ಅಥವಾ ತಪ್ಪು ಯಾರದಾದರೂ ಸರಿ, ಕೈಗೆ ಸಿಕ್ಕವರ ಮೇಲೆ ತೀರಿಸಿಕೊಳ್ಳುವವನೇ ಅವನು? ಈ ಎರಡನೆಯ ಅನುಮಾನ ನನ್ನನ್ನು ನಿದ್ದೆ ಮಾಡಲು ಬಿಡುವುದಿಲ್ಲ.

ಫಿಲೆಮುವಿನ ಜೊತೆ ಮಾತು ಬಿಟ್ಟು ಎಂಟು ದಿನವಾಯಿತು. ಅವನಾಗಿಯೂ ಆಡಿಲ್ಲ. ಫಿಲೆಮು ಎಂದರೆ ಶಾಂತ ತಾನೇ, ಹೆಸರಿಗೆ ತಕ್ಕ ಮೌನಿ.

ಕ್ರಿಸ್‌ಮಸ್ಸಿಗೆ ಏನನ್ನೂ ಕಳಿಸಬೇಡ. ಹೊಸ ಬಟ್ಟೆಯನ್ನಂತೂ ಕಳಿಸಲೇಬೇಡ.

ಸಿನೀವಾ


ಲೋಗನ್
೧೪ ಫೆಬ್ರವರಿ ೧೯೮೫

ಪ್ರೀತಿಯ ಸಿನೀವಾ,

ತಡವಾಯಿತು. ಇಲ್ಲಿ ಬೇಸಿಗೆ ಜೋರಾಗಿದೆ. ಸಭೆಯ ಕೆಲಸ ಹೆಚ್ಚಿದೆ. ಊರಿನ ಕಡೆಯಿಂದ ಹೊಸಬರು ಕೆಲವರು ಬಂದಿದ್ದಾರೆ. ಅವರಿಗೆ ಕೆಲಸ, ವಸತಿ ಎಂದು ಓಡಾಟ.

ನಿನ್ನ ಪ್ರಶ್ನೆ ದೊಡ್ಡದು. ಯೋಚಿಸಿ ಬರೆಯುತ್ತೇನೆ. ಫಿಲೆಮುವಿನ ಜೊತೆ ಮಾತಾಡು.

ದೇವರು ನಿನ್ನನ್ನು ಕಾಯಲಿ.

ಪೆನಿಯಮೀನ


ಫಾಗಮಾಲು
೩ ಮಾರ್ಚ್ ೧೯೮೫

ಪೂಜ್ಯ ಪಾದ್ರಿ ಪೆನಿಯಮೀನ ಅವರಿಗೆ,

ತಮ್ಮ ಕಾಗದ ತಲುಪಿತು. ಎಂಟು ಸಾಲು. ಎರಡು ಸಲ ಎಣಿಸಿದೆ. ತಾವು ಹುಡುಗನಾಗಿದ್ದಾಗ ಅಪ್ಪನ ದೋಣಿಯನ್ನು ಬಂಡೆಗೆ ಹೊಡೆದು ಬಂದ ದಿನವೂ ಹೀಗೆಯೇ ಎಂಟು ಮಾತಾಡಿ ಮಲಗಿದ್ದಿರಿ. ನನಗೆ ನೆನಪಿದೆ.

‘ಊರಿನ ಕಡೆಯ ಹೊಸಬರು’ ಎಂದು ಬರೆದಿದ್ದೀರಿ. ಯಾವ ಊರು, ಯಾರ ಮಕ್ಕಳು ಎಂದು ಬರೆದಿಲ್ಲ. ತಮ್ಮ ಹಿಂದಿನ ಕಾಗದಗಳಲ್ಲಿ ಒಬ್ಬ ಹೊಸಬ ಬಂದರೆ ಅವನ ಮುತ್ತಜ್ಜಿಯ ತವರಿನ ತನಕ ವಿವರ ಇರುತ್ತಿತ್ತು.

ನಾನು ತುಫುಲಾಗಿಯ ಅಂಗಡಿಗೆ ಹೋಗಿದ್ದೆ. ಬೆಂಕಿಪೊಟ್ಟಣ ಕೊಳ್ಳುವ ನೆವ. ಅಂಗಡಿಯವಳು ಬಾಯಿಬಡುಕಿ, ನನ್ನನ್ನು ಗುರುತಿಸಲಿಲ್ಲ. “ಆಪೇಲುನಾ? ಹೋದ್ನಲ್ಲ! ಚಾಪೆ ಒಪ್ಕೊಂಡಾಯ್ತು ಅಂತ ಕೋರ್ಟಲ್ಲೂ ಬಿಟ್ಟುಬಿಟ್ರು. ಜನವರೀಲಿ ಆಸ್ಟ್ರೇಲಿಯಾಕ್ಕೆ ಹಾರ್ದ. ಲೋಗನ್ನಲ್ಲಿ ಅವರ ಅತ್ತೆ ಇದಾಳೆ. ಅಲ್ಲಿ ಒಬ್ರು ಒಳ್ಳೇ ಪಾದ್ರಿ ಇದಾರಂತೆ, ನಮ್ಮ ಸವಾಯಿಯೋರೇ.”

ಒಳ್ಳೆಯ ಪಾದ್ರಿಗಳೇ, ಒಂದೇ ಪ್ರಶ್ನೆ. ಅವನು ತಮ್ಮ ಸಭೆಗೆ ಬರುತ್ತಿದ್ದಾನೆಯೇ? ಅವನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಿದ್ದೀರಾ? ರೂತಾಳನ್ನು ಎತ್ತಿ ಆಡಿಸಿದ ಕೈಯಿಂದ?

ತಾವು ಪಾದ್ರಿ ಎಂದು ಊರೆಲ್ಲ ತಮಗೆ ನಡೆದುಕೊಳ್ಳುತ್ತದೆ. ಆದರೆ ಪಾದ್ರಿಯಾಗುವ ಮೊದಲೇ ತಾವು ನನ್ನ ಅಣ್ಣ. ಅಣ್ಣ ತಂಗಿಗೆ ಸುಳ್ಳು ಹೇಳಿದರೆ ಮನೆತನಕ್ಕೆ ಒಳ್ಳೆಯದಾಗುವುದಿಲ್ಲ. ಹೌದು ಅಥವಾ ಇಲ್ಲ ಎಂದು ಬರೆಯಿರಿ. ಎಂಟು ಸಾಲೂ ಬೇಡ.

ಸಿನೀವಾ, ರೂತಾಳ ತಾಯಿ


ಲೋಗನ್
೨೩ ಮಾರ್ಚ್ ೧೯೮೫

ಸಿನೀವಾ,

ಹೌದು.

ಜನವರಿಯ ಮೂರನೆಯ ಭಾನುವಾರ ಅವನು ಅವರತ್ತೆಯ ಜೊತೆ ಬಂದ. ಅವಳು ಅಣ್ಣನ ಮಗ ಎಂದಷ್ಟೇ ಹೇಳಿದ್ದಳು, ನನಗೆ ಅವನು ಯಾರೆಂದು ಗೊತ್ತಿರಲಿಲ್ಲ. ಅವನಿಗೂ ನಾನು ಯಾರೆಂದು ಗೊತ್ತಿರಲಿಲ್ಲ. ಸೊಂಪಾದ ಹುಡುಗ, ಒಂದು ಕೈಯಲ್ಲಿ ನಾಲ್ಕು ಕುರ್ಚಿ ಎತ್ತುತ್ತಿದ್ದ. ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕುತ್ತಿದ್ದ, ಕೊನೆಯ ಸಾಲಿನಲ್ಲಿ ಕೂರುತ್ತಿದ್ದ, ಪ್ರಭುಭೋಜನದ ಹೊತ್ತಿಗೆ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಫೆಬ್ರವರಿಯ ಮೊದಲ ವಾರ ನಾನೇ ಹೊರಗೆ ಹೋಗಿ ಕೇಳಿದೆ. ಗೋಡೆಗೆ ಒರಗಿ ನಿಂತು ಎಲ್ಲವನ್ನೂ ಹೇಳಿದ. ಊರಿನ ಹೆಸರು ಬಂದಾಗಲೇ ನನಗೆ ತಿಳಿಯಿತು. ‘ರೂತಾ’ ಎಂದು ಅವನ ಬಾಯಲ್ಲಿ ಕೇಳಿದಾಗ ಕೈ ಮುಷ್ಟಿಯಾಯಿತು. ನಾನು ಆಶೀರ್ವದಿಸಲಿಲ್ಲ ಸಿನೀವಾ. ಹೊಡೆಯಲೂ ಇಲ್ಲ. “ನಾನು ಅವಳ ಸೋದರಮಾವ” ಎಂದೆ. ಅವನು ಗೋಡೆಗುಂಟ ಜಾರಿ ಕೂತುಬಿಟ್ಟ. ನಾನು ಒಳಗೆ ಬಂದು ರೊಟ್ಟಿ ಮುರಿದೆ. ಅರ್ಧ ನೆಲಕ್ಕೆ ಬಿತ್ತು.

ನಿನಗೆ ಬರೆಯದೇ ಮುಚ್ಚಿಟ್ಟೆ. ನಿನ್ನನ್ನು ಕಾಪಾಡಲು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ಅವನನ್ನು ಸಭೆಯಿಂದ ಓಡಿಸಲು ನನಗೆ ಮನಸ್ಸಿತ್ತು, ಓಡಿಸಲು ಆಗಲಿಲ್ಲ. ಇವೆರಡರಲ್ಲಿ ನಿನಗೆ ಯಾವುದನ್ನು ಬರೆಯಲಿ?

ಅವನು ಹೇಳಿದ್ದನ್ನು ನೀನು ತಿಳಿಯಬೇಕು. ತಡವಾಗಿತ್ತಂತೆ. ನಿಮ್ಮೂರ ಹುಡುಗರು ಪ್ರಾರ್ಥನೆಯ ಹೊತ್ತಿನಲ್ಲಿ ಅಡ್ಡ ನಿಂತು ಗಾಡಿ ತಡೆಯುತ್ತಾರೆ, ದಂಡ ಹಾಕುತ್ತಾರೆ ಎಂದು ಹೆದರಿ, ಯಾರಿಗೂ ಕಾಣಬಾರದೆಂದು ಊರಿನ ಬಾಯಲ್ಲೇ ಗಾಡಿಯ ದೀಪಗಳನ್ನು ಆರಿಸಿದನಂತೆ. ಕತ್ತಲಲ್ಲಿ ಊರು ದಾಟಿಬಿಡುವ ಎಣಿಕೆ. ಬಿಳಿಯದೇನೋ ಒಂದು ಬಟ್ಟೆ ಗಾಳಿಯಲ್ಲಿ ಹಾರಿದ ಹಾಗೆ ಕಂಡಿತಂತೆ. ಅಷ್ಟೇ ಅವನಿಗೆ ಗೊತ್ತು.

ಈಗಲೂ ಕುರ್ಚಿ ಜೋಡಿಸುವಾಗ ಒಂದೇ ಮಾತು ಕೇಳುತ್ತಾನೆ. “ಪಾದ್ರಿಗಳೇ, ಶಂಖ ಊದಿ ಆಗಿತ್ತು. ಮಗು ರಸ್ತೇಲಿ ಯಾಕಿತ್ತು? ನನ್ನ ಕೈಲಿ ಸಾಯ್ಲಿ ಅಂತ ದೇವರೇ ತಂದು ನಿಲ್ಸಿದ್ನಾ?” ಹಿಂದೆ ನಾನೂ ಅದನ್ನೇ ಕೇಳಿದ್ದೆ. ನೀನು ಉತ್ತರ ಬರೆಯಲಿಲ್ಲ. ಈಗ ಕೇಳುತ್ತಿಲ್ಲ. ಬರೆಯದಿದ್ದರೂ ನಡೆಯುತ್ತದೆ.

ನಿನ್ನ ದೊಡ್ಡ ಪ್ರಶ್ನೆಗೆ ನನ್ನ ಬಳಿ ಇರುವುದು ಇಷ್ಟು. ದೇವರು ಆ ಗಾಡಿಯನ್ನು ಓಡಿಸುತ್ತಿದ್ದ ಎಂದು ನಾನು ನಂಬುವುದಿಲ್ಲ. ಹಾಗೆ ನಂಬುವುದಾದರೆ ಈ ನಿಲುವಂಗಿಯನ್ನು ಇವತ್ತೇ ಕಳಚುತ್ತೇನೆ. ಹಾಗಾದರೆ ಅವನು ಎಲ್ಲಿದ್ದ? ಗೊತ್ತಿಲ್ಲ. ‘ಗೊತ್ತಿಲ್ಲ’ ಎಂದು ಬಾಯಿಬಿಟ್ಟು ಹೇಳಲು ನನಗೆ ಇಪ್ಪತ್ತು ವರ್ಷದ ಬೋಧನೆ ಬೇಕಾಯಿತು. ಒಂದು ಮಾತ್ರ ತೋರುತ್ತದೆ. ಕೊಲೆಯಾದದ್ದು ದೇವರ ಮಗನೇ. ನಾವೆಲ್ಲ ಆಪೇಲುವಿನ ಹಾಗೆ ಕಾಡಿನಲ್ಲಿ ಅಡಗಿದ್ದೆವು. ಅವನ ಅಂಗಳಕ್ಕೆ ಚಾಪೆ ಹೊದ್ದು ಹೋದವರು ಯಾರೂ ಇಲ್ಲ. ಆದರೂ ಅವನು ಬಾಗಿಲು ಮುಚ್ಚಲಿಲ್ಲ. ಅಂಥವನಿಗೆ ಯಾರೂ ಸುಳ್ಳು ಹೇಳಿ ಒಪ್ಪಿಸಬೇಕಾಗಿರಲಿಲ್ಲ.

ಇದು ಬೋಧನೆ ಎನಿಸಿದರೆ ಹರಿದುಹಾಕು. ಅಣ್ಣನನ್ನು ಮಾತ್ರ ಹರಿಯಬೇಡ.

ನಿನ್ನ
ಪೆನಿಯಮೀನ


ಫಾಗಮಾಲು
೨೨ ಏಪ್ರಿಲ್ ೧೯೮೫

ಅಣ್ಣಾ,

ಬಿಳಿ ಬಟ್ಟೆ ಎಂದು ಓದಿದ ಮೇಲೆ ನಾನು ಎರಡು ದಿನ ಏಳಲಿಲ್ಲ.

ಈಗ ಬರೆಯುತ್ತೇನೆ. ಒಂದೇ ಉಸಿರಿನಲ್ಲಿ ಬರೆಯುತ್ತೇನೆ, ಇಲ್ಲದಿದ್ದರೆ ಆಗುವುದಿಲ್ಲ.

ಅದು ಅವಳ ಬಿಳಿ ಭಾನುವಾರದ ಲಂಗ. ರಸ್ತೆಯ ಆಚೆ ಬದಿಯ ಮರೇತಾಳಿಗೆ ಹೊಲಿಯಲು ಕೊಟ್ಟಿದ್ದೆ. ನಮ್ಮೂರ ಪಾದ್ರಿಯ ಮಗಳ ಲಂಗಕ್ಕೆ ಒಂದು ಸಾಲು ಕಸೂತಿ ಪಟ್ಟಿ ಇದೆ ಎಂದು ಕೇಳಿ, ನನ್ನ ಮಗಳದಕ್ಕೆ ಎರಡು ಸಾಲು ಹಾಕಿಸಬೇಕು ಎಂದಿದ್ದೆ. ನನ್ನ ಹೊಟ್ಟೆಕಿಚ್ಚು ನಿನಗೆ ಗೊತ್ತಿರದ್ದೇನಲ್ಲ. ಆ ಸಂಜೆ ಶಂಖ ಊದಿತು. ಎಲ್ಲರೂ ಕೂತೆವು. ಫಿಲೆಮು ಬೈಬಲ್ ಬಿಡಿಸಿದ. ಅತ್ತೆ ಎಂದಿನಂತೆ ಕನ್ನಡಕ ಹುಡುಕುತ್ತಿದ್ದರು. ಆ ಸಣ್ಣ ಬಿಡುವಿನಲ್ಲಿ ನಾನು ರೂತಾಳ ಕಿವಿಯಲ್ಲಿ ಪಿಸುಗುಟ್ಟಿದೆ. “ಓಡಿ ಹೋಗಿ ಲಂಗ ಇಸ್ಕೊಂಡು ಬಾ. ರಸ್ತೇಲಿ ಯಾರೂ ಇರಲ್ಲ.” ಅವಳು, “ಅಮ್ಮಾ, ಶಂಖ ಆಯ್ತಲ್ಲ” ಎಂದಳು. ನಾನು ಅವಳ ಬೆನ್ನು ನೂಕಿದೆ.

ಇದೇ ನನ್ನ ಕೈ. ಇದೇ ಕೈಯಿಂದ ಬರೆಯುತ್ತಿದ್ದೇನೆ.

ಆರು ತಿಂಗಳು ಎಲ್ಲರ ಮೇಲೂ ಅನುಮಾನಪಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವಳು ನಾನಾಗಿದ್ದೆ. ಅದಕ್ಕೇ ಊರಿನವರೆಲ್ಲರ ಕಾಲು ನೋಡುತ್ತ ತಿರುಗಿದೆ. ದೇವರ ಮೇಲಿನ ಅನುಮಾನವೂ ಅದೇ. ಹತ್ತು ನಿಮಿಷದ ಪ್ರಾರ್ಥನೆ ತಪ್ಪಿಸಿದ್ದಕ್ಕೆ ಮಗಳನ್ನೇ ಕಿತ್ತುಕೊಂಡನೇ? ನನ್ನ ತಪ್ಪಿಗೆ ಅವಳನ್ನು ಹೊಡೆದನೇ? ಇದನ್ನು ಅವನನ್ನು ಕೇಳಲು ಧೈರ್ಯವಿರಲಿಲ್ಲ. ಹೌದು ಎಂದುಬಿಟ್ಟರೆ? ಅದಕ್ಕೇ ಪ್ರಾರ್ಥನೆ ಬರಲಿಲ್ಲ ಅಣ್ಣಾ. ಚಾಪೆಯ ಕೆಳಗೆ ಯಾರಿದ್ದರು ಎಂಬುದಕ್ಕಲ್ಲ.

ನಿನ್ನ ಕಾಗದದಲ್ಲಿ ಆ ಹುಡುಗ ದೀಪ ಆರಿಸಿದ ಎಂದು ಓದಿದಾಗ ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನು ದೀಪ ಆರಿಸಿದ, ನಾನು ದನಿ ತಗ್ಗಿಸಿದೆ. ಒಂದೇ ಪ್ರಾರ್ಥನೆಯಿಂದ ಇಬ್ಬರೂ ಕದ್ದು ಹೋಗಲು ನೋಡಿದೆವು. ನಡುವೆ ಅವಳು ಸಿಕ್ಕಳು.

ಶುಭ ಶುಕ್ರವಾರದ ಮರುದಿನ, ಇನ್ನೂ ಮಬ್ಬು ಇರುವಾಗಲೇ, ಆ ಚಾಪೆಯನ್ನು ಪೆಟ್ಟಿಗೆಯಿಂದ ತೆಗೆದೆ. ನಮ್ಮ ಮನೆಯ ಮುಂದಿನ ರೂತಾಳ ಸಮಾಧಿಯ ಎದುರು ಕೂತು, ತಲೆಯ ಮೇಲೆ ಹೊದ್ದು ಹಣೆಯನ್ನು ನೆಲಕ್ಕೆ ಹಚ್ಚಿದೆ. ಒಳಗೆ ಕತ್ತಲೆ, ಹೊಗೆಸೊಪ್ಪಿನ ವಾಸನೆ. ಕೋಳಿ ಕೂಗಿತು. ಯಾರೋ ನಡೆದು ಬಂದು ನಿಂತ ಸದ್ದು. ಅಂಚಿನಿಂದ ಪಾದ ಕಂಡಿತು. ಈ ಸಲ ಅನುಮಾನಪಡಬೇಕಾಗಿರಲಿಲ್ಲ, ಹದಿನಾಲ್ಕು ವರ್ಷ ಕಂಡ ಪಾದ. ಫಿಲೆಮು ಚಾಪೆ ಎತ್ತುತ್ತಾನೆ ಎಂದು ಕಾದೆ. ಅವನು ಎತ್ತಲಿಲ್ಲ. ಅಂಚನ್ನು ಸರಿಸಿ, ಬಗ್ಗಿ, ಒಳಗೆ ಬಂದು ನನ್ನ ಪಕ್ಕದಲ್ಲಿ ಹಣೆ ಊರಿ ಕೂತ.

“ಅವಳನ್ನ ಕಳಿಸಿದ್ದು ನಾನು” ಎಂದೆ.

“ಗೊತ್ತು.”

“ಯಾವಾಗಿಂದ?”

“ಅವತ್ತಿಂದ. ನೀನು ಪಿಸುಗುಟ್ಟಿದ್ದು ಕೇಳಿಸ್ತು ಕಣೇ. ನಾನು ತಲೆ ಎತ್ತಿ, ಬೇಡ ಬಾ ಅನ್ನಬಹುದಿತ್ತು. ಅನ್ನಲಿಲ್ಲ. ಪುಟ ಹುಡುಕೋನ ಥರ ನಟಿಸ್ದೆ.”

“ನಂಗ್ಯಾಕೆ ಸುಳ್ಳು ಹೇಳಿದ್ರಿ? ಹುಡುಗನೇ ಕೂತಿದಾನೆ ಅಂತ?”

“ಮುದುಕ ಅಂದಿದ್ರೆ ನೀನು ಒಪ್ತಿರ್ಲಿಲ್ಲ. ಬಿಸಿಲಲ್ಲಿ ಅವನು ಸಾಯ್ತಿದ್ದ. ಕಲ್ಲು ಬೀಳ್ತಿತ್ತು. ಆಮೇಲೆ, ಅವನು ಎದ್ರೆ ನಾನೂ ಎದ್ದ ಹಾಗೆ ಅಂದ್ಕೊಂಡೆ ಸಿನೀವಾ. ಅಲ್ಲಿ ಕೂತ್ಕೋಬೇಕಾದೋರಲ್ಲಿ ನಾನೂ ಒಬ್ಬ ಅನಿಸ್ತಿತ್ತು.”

ಅವನು ಅಷ್ಟು ಮಾತಾಡಿದ್ದನ್ನು ನಾನು ಮದುವೆಯಾದ ಮೇಲೆ ಕೇಳಿರಲಿಲ್ಲ. ಇಬ್ಬರೂ ಅತ್ತೆವು. ಚಾಪೆ ನೆನೆಯಿತು. ಎತ್ತಬೇಕಾದವರು ಇಬ್ಬರೂ ಒಳಗೇ ಇದ್ದೆವು, ಇನ್ನು ನಮ್ಮನ್ನು ಏಳಿಸುವವರು ಯಾರು ಎಂದು ನನಗೆ ನಿಜವಾಗಿ ಭಯವಾಯಿತು. ಬಿಸಿಲು ಬೆನ್ನಿಗೆ ತಾಕತೊಡಗಿತು. ಆಗ ಕೋಲಿನ ತುದಿಯೊಂದು ಚಾಪೆಯನ್ನು ಎತ್ತಿತು. ಅತ್ತೆ.

“ಎಷ್ಟೊತ್ತು ಕೂರ್ತೀರೋ? ಅವಳು ಯಾವತ್ತೋ ಏಳಿಸಿದಾಳೆ ನಿಮ್ಮನ್ನ. ನಾನು ದಿನಾ ಅವಳ ಸಮಾಧಿ ಕಟ್ಟೆ ಮೇಲೆ ಕೂತು ಮಾತಾಡಲ್ವಾ, ನಂಗೊತ್ತಿಲ್ವಾ? ಏಳಿ, ಕೋಕೋ ಆರ್ತಿದೆ.”

ಎದ್ದೆವು. ಮಂಡಿ ಜೋಮು ಹಿಡಿದಿತ್ತು. ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದೆವು.

ದೇವರ ಮೇಲಿನ ಅನುಮಾನ ಪೂರ್ತಿ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಆದರೆ ಅವನು ಮನೆಯೊಳಗೆ ತಡಿಕೆಯ ಹಿಂದೆ ಕೂತು ನಮ್ಮ ತಪ್ಪು ಎಣಿಸುತ್ತಿದ್ದಾನೆ ಎಂದುಕೊಂಡಿದ್ದೆ. ಫಿಲೆಮು ಅಂಚು ಸರಿಸಿ ಒಳಗೆ ಬಂದನಲ್ಲ, ಆಗಿನಿಂದ ಹಾಗೆ ತೋರುತ್ತಿಲ್ಲ. ಆ ಸಂಜೆ ಶಂಖ ಊದಿದಾಗ ಬಾಯಿ ಮಾತ್ರ ಅಲುಗಲಿಲ್ಲ, ದನಿಯೂ ಬಂತು.

ಚಾಪೆಯನ್ನು ಬಿಸಿಲಿಗೆ ಹಾಕಿ, ಮಡಿಸಿ, ತುಫುಲಾಗಿಗೆ ನಾನೇ ಹೊತ್ತುಕೊಂಡು ಹೋದೆ. ಸೋಲೊಮೋನ ತಾತ ಬೇಡವೆಂದರು. “ನೀವು ಹೊತ್ಕೊಂಡ ತಪ್ಪಲ್ಲಿ ನಂದೂ ಸೇರಿತ್ತು ತಾತ” ಎಂದು ಅವರ ಮುಂದೆ ಇಟ್ಟು ಬಂದೆ. ಅವರಿಗೆ ಅರ್ಥವಾಗಲಿಲ್ಲ. ಮತ್ತೆ ನಾಲ್ಕು ಗಡ್ಡೆ ಕೊಟ್ಟರು. ಈ ಸಲ ನಾನೂ ತಿಂದೆ.

ಈಗ ನಿನ್ನ ಕೆಲಸ. ಮುಂದಿನ ಭಾನುವಾರ ಆ ಹುಡುಗ ಕುರ್ಚಿ ಹಾಕುವ ಹೊತ್ತಿಗೆ ನೀನೂ ಬೇಗ ಹೋಗು. ಅವನ ಜೊತೆ ಕುರ್ಚಿ ಹಾಕು. ಅವನು ಮತ್ತೆ ಅದೇ ಮಾತು ಕೇಳುತ್ತಾನೆ. ಆಗ ಪಾದ್ರಿಯ ಮಾತು ಆಡಬೇಡ. ಇಷ್ಟೇ ಓದಿ ಹೇಳು: ‘ಆಪೇಲು, ಅವಳನ್ನು ರಸ್ತೆಗೆ ತಂದು ನಿಲ್ಲಿಸಿದ್ದು ದೇವರಲ್ಲ. ನಾನು. ರೂತಾಳ ತಾಯಿ. ಶಂಖ ಊದಿದ ಮೇಲೆ, ಒಂದು ಲಂಗಕ್ಕಾಗಿ. ಪ್ರಭುಭೋಜನದ ಹೊತ್ತಿನಲ್ಲಿ ಇನ್ನು ಎದ್ದು ಹೊರಗೆ ಹೋಗಬೇಡ. ನಾನೂ ಹೋಗುವುದಿಲ್ಲ.’

ಅವನು ಏನೆಂದ ಎಂದು ಬರೆ. ಎಂಟೇ ಸಾಲು ಬರೆದರೂ ಈ ಸಲ ಎಣಿಸುವುದಿಲ್ಲ.

ನಿನ್ನ ಕಣ್ಣ ಪಾಪೆ
ಸಿನೀವಾ